ಹದಿನಾಲ್ಕನೇ ಪ್ರಶ್ನೆಯ ಬೇಜಾರು

ಹಗ್ಗಗಳು ಬಂದದ್ದು ಸೋಮವಾರ. ನಾಲ್ಕು ದೊಡ್ಡ ರಟ್ಟಿನ ಪೆಟ್ಟಿಗೆಗಳು, ಮೇಲೆ ಮೂರು ದೇಶಗಳ ಶಾಲಾ ಆರೋಗ್ಯ ಕೂಟದ ನೀಲಿ ಮುದ್ರೆ. ಹೆಡ್‌ಮಾಸ್ಟರು ಅವನ್ನು ಆಫೀಸಿನಲ್ಲಿ ಒಡೆಸಲಿಲ್ಲ. ಅಂಗಳದ ನಡುವೆ, ಬೆಳಕು ಚೆನ್ನಾಗಿ ಬೀಳುವ ಜಾಗಕ್ಕೆ ಹೊರಿಸಿ ಅಲ್ಲೇ ಒಡೆಸಿದರು. ಮಕ್ಕಳು ಬೆನ್ನ ಹಿಂದೆ ಅವರನ್ನು ಫೋಟೋ ಮೇಷ್ಟ್ರು ಅನ್ನುತ್ತಿದ್ದುದು ಸುಮ್ಮನೆ ಅಲ್ಲ.

ಪೆಟ್ಟಿಗೆಯೊಳಗೆ ಜಿಗಿಯುವ ಹಗ್ಗಗಳು, ಬಣ್ಣದ ಚೆಂಡುಗಳು, ಮಡಚುವ ಹಲಗೆಯ ಮೇಲೆ ಕಾಯಿ ನಡೆಸುವ ಆಟಗಳು. ಮಕ್ಕಳ ಗದ್ದಲಕ್ಕೆ ಪಾರಿವಾಳಗಳೆಲ್ಲ ಎದ್ದು ಸೂರು ಸೇರಿದವು. ಮೊದಲು ಹಗ್ಗಕ್ಕೆ ಕೈಹಾಕಿದವಳು ಒಂಬತ್ತನೇ ತರಗತಿಯ ಉದ್ದ ಕಾಲಿನ ಹುಡುಗಿ. ಎಲ್ಲರೂ ಅವಳನ್ನು ಜಿಂಕೆ ಅನ್ನುತ್ತಿದ್ದರು. ಅವಳು ಜಿಗಿಯುವುದನ್ನು ನೋಡಿದರೆ ನೆಲಕ್ಕೂ ಅವಳಿಗೂ ಮಾತುಕತೆ ಇಲ್ಲವೇನೋ ಅನ್ನಿಸುತ್ತಿತ್ತು.

"ಹಾಗೇ, ಹಾಗೇ! ನಗು ಬಿಡ್ಬೇಡ! ಇನ್ನೊಂದ್ ಸಲ ಮೇಲಕ್ಕೆ!" ಹೆಡ್‌ಮಾಸ್ಟರು ಮೊಬೈಲು ಹಿಡಿದು ಅವಳ ಸುತ್ತ ಸುತ್ತುತ್ತಿದ್ದರು. "ಸಿಸ್ಟರ್, ನೋಡಿ ಬನ್ನಿ! ನಿಮ್ಮ ಸಮೀಕ್ಷೆಯಿಂದ ಬಂದ ಭಾಗ್ಯ ಇದೆಲ್ಲ!"

ಶಾಲೆಯ ನರ್ಸು ಆರೋಗ್ಯ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಈ ಶಾಲೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮಕ್ಕಳಿಂದ ಹಿಡಿದು ಗೇಟಿನವನವರೆಗೆ ಎಲ್ಲರ ಬಾಯಲ್ಲೂ ಅವಳು ಸಿಸ್ಟರ್. ಸಮೀಕ್ಷೆ ಅವಳದ್ದು ಅನ್ನುವುದು ಪೂರ್ತಿ ನಿಜವಲ್ಲ. ಪ್ರಶ್ನೆಗಳು ಕೂಟದ್ದು, ಉತ್ತರ ಮಕ್ಕಳದ್ದು. ಅವಳದ್ದು ಅಂತ ಅದರಲ್ಲಿ ಇದ್ದದ್ದು ಒಂದೇ ಒಂದು ಪದ.

ಪೆಟ್ಟಿಗೆಯ ಜೊತೆ ಬಂದ ಕಾಗದವನ್ನು ಅವಳು ತನ್ನ ಮೇಜಿಗೆ ತಂದು ಓದಿದಳು. "ಪ್ರೀತಿಯ ಗೆಳೆಯರೇ, ನಿಮ್ಮ ಶಾಲೆಯಲ್ಲಿ ನೂರಕ್ಕೆ ಅರವತ್ತೆಂಟು ಮಕ್ಕಳಿಗೆ ಹೊತ್ತು ಹೋಗುತ್ತಿಲ್ಲ ಎಂದು ಸಮೀಕ್ಷೆಯಿಂದ ತಿಳಿಯಿತು. ಈ ಆಟದ ಸಾಮಾನುಗಳು ಅವರ ಬಿಡುವಿನ ವೇಳೆಯನ್ನು ಸಂತೋಷದಿಂದ ತುಂಬಲಿ." ಅವಳು ಎರಡು ಸಲ ಓದಿದಳು. ಹೊತ್ತು ಹೋಗುವ, ಹೋಗದಿರುವ ಬಗ್ಗೆ ಯಾವ ಪ್ರಶ್ನೆಯೂ ಇದ್ದ ನೆನಪು ಅವಳಿಗಿರಲಿಲ್ಲ.

ಕಾಗದದ ಕೆಳಗೆ ನುಣುಪು ಹಾಳೆಯ ವರದಿ ಇತ್ತು. ಅದರ ಮುಖಪುಟದಲ್ಲಿ, ಹಳದಿ ಬಣ್ಣದ ಮೇಲೆ, ಯಾವುದೋ ಮಗುವಿನ ಪೆನ್ಸಿಲ್ ಬರಹವನ್ನು ಇದ್ದ ಹಾಗೇ ದೊಡ್ಡದು ಮಾಡಿ ಅಚ್ಚು ಹಾಕಿದ್ದರು, ಅಂಚಿಗೆ ಬಳ್ಳಿ ಬಿಡಿಸಿದ ಹಾಗೆ, ಅಂದಕ್ಕೆ:

"ದಿನಾ ಬೇಜಾರು. ಮನೆಗ್ ಹೋಗಕ್ಕೆ ಬೇಜಾರು. ಇಲ್ಲಿರಕ್ಕೂ ಬೇಜಾರು. ಇರೋದಕ್ಕೇ ಬೇಜಾರು."

ಅದರಡಿಯಲ್ಲಿ ಕೂಟದ ಭಾಷೆಯಲ್ಲಿ ಅನುವಾದ. ನರ್ಸಿಂಗ್ ಪುಸ್ತಕ ಓದಲು ಸಾಕಾಗುವಷ್ಟು ಆ ಭಾಷೆ ಅವಳಿಗೆ ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ದಿನಾ ಹೊತ್ತು ಹೋಗುವುದಿಲ್ಲ, ಮನೆಯಲ್ಲೂ ಹೊತ್ತು ಹೋಗುವುದಿಲ್ಲ, ಇಲ್ಲೂ ಹೋಗುವುದಿಲ್ಲ, ಸುಮ್ಮನೆ ಇದ್ದರಂತೂ ಹೊತ್ತೇ ಹೋಗುವುದಿಲ್ಲ! ಕೊನೆಗೆ ಒಂದು ಆಶ್ಚರ್ಯಸೂಚಕ ಬೇರೆ. ಅದರ ಪಕ್ಕ ಸಣ್ಣ ಅಕ್ಷರದಲ್ಲಿ: ಒಂಬತ್ತನೇ ತರಗತಿ.

ಹೊರಗೆ ಹಗ್ಗ ನೆಲಕ್ಕೆ ಬಡಿಯುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು. ಸಿಸ್ಟರ್ ವರದಿಯನ್ನು ಮಗುಚಿಟ್ಟಳು.

ಆ ಮಗು ಉತ್ತರ ಬರೆದ ಪ್ರಶ್ನೆಯಲ್ಲಿ ಮೊದಲು ಇದ್ದದ್ದು "ದುಃಖ". ಹದಿನಾಲ್ಕನೇ ಪ್ರಶ್ನೆ: ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ನಿಮಗೆ ದುಃಖವಾಗಿತ್ತು? ಒಂದು ದಿನವೂ ಇಲ್ಲ, ಕೆಲವು ದಿನ, ಬಹಳ ದಿನ, ದಿನಾ. ಬೇಕಿದ್ದರೆ ಒಂದೆರಡು ಮಾತು ಬರೆಯಿರಿ. ಹೋದ ವರ್ಷ ಅದನ್ನು ಹತ್ತು ಮಕ್ಕಳ ಕೈಗೆ ಕೊಟ್ಟು ನೋಡಿದಾಗ ಹತ್ತೂ ಮಂದಿ "ಒಂದು ದಿನವೂ ಇಲ್ಲ" ಅಂತ ಗುರುತು ಹಾಕಿದ್ದರು. ಒಬ್ಬಳು ತಲೆಯೆತ್ತಿ, "ಸಿಸ್ಟರ್, ದುಃಖ ಅಂದ್ರೆ ಪಾಠದಲ್ಲಿ ರಾಜಂಗೆ ಆಗತ್ತಲ್ಲ, ಅದಾ?" ಅಂದಿದ್ದಳು. ಸಿಸ್ಟರಿಗೆ ಅಲ್ಲೇ ಗೊತ್ತಾಯಿತು. ಈ ಮಕ್ಕಳಿಗೆ ದುಃಖ ಆಗುವುದಿಲ್ಲ; ಬೇಜಾರು ಆಗುತ್ತದೆ. ಅವಳು ಕೂಟಕ್ಕೆ ಮೂರು ಕಾಗದ ಬರೆದು, ಒಂದು ಸಭೆಯಲ್ಲಿ ವಾದ ಮಾಡಿ, ಪದ ಬದಲಿಸಿದಳು. ಗೆದ್ದೆ ಅಂದುಕೊಂಡಿದ್ದಳು.

ಉತ್ತರಗಳನ್ನು ಅವಳು ನೋಡಿರಲಿಲ್ಲ. ನೋಡಬಾರದು ಅನ್ನುವುದು ಕೂಟದ ನಿಯಮ. ಹೆಸರಿಲ್ಲದ ಹಾಳೆ, ಮಗುವೇ ಅಂಟಿಸಿದ ಲಕೋಟೆ, ನೇರ ಕೂಟದ ಕಚೇರಿಗೆ. "ನೀವು ಬರೆದದ್ದು ಯಾರದ್ದು ಅಂತ ಇಲ್ಲಿ ಯಾರೂ ಹುಡುಕಲ್ಲ. ನಾನೂ ಹುಡುಕಲ್ಲ" ಅಂತ ತರಗತಿ ತರಗತಿಗೆ ಹೋಗಿ ಮಾತು ಕೊಟ್ಟವಳು ಅವಳೇ. ಅದಾಗಿ ಎರಡು ತಿಂಗಳಾಗಿತ್ತು. ಎರಡು ತಿಂಗಳು ಆ ಮಗು ತಾನು ಯಾರಿಗೋ ಹೇಳಿದ್ದೇನೆ ಅಂದುಕೊಂಡು ಕಾದಿದೆ. ಬಂದ ಉತ್ತರ ಜಿಗಿಯುವ ಹಗ್ಗ.

ಅವಳು ಎದ್ದು ಒಂಬತ್ತನೇ ತರಗತಿಗೆ ಹೋಗಿ ಹಾಜರಿ ಪುಸ್ತಕ ಕೇಳಿದಳು. ನಲವತ್ತೆರಡು ಮಕ್ಕಳು, ನಲವತ್ತೆರಡೂ ಹಾಜರು. ಉಸಿರು ಬಿಟ್ಟಳು. ಆ ವಾರ ದಿನಾ ಬೆಳಿಗ್ಗೆ ಹೀಗೆ ಹೋಗಿ ನೋಡಿದಳು. ಕ್ಲಾಸ್ ಟೀಚರು, "ಏನ್ ಸಿಸ್ಟರ್, ನಮ್ಮ ಕ್ಲಾಸ್ ಮೇಲೆ ಇಷ್ಟ್ ಪ್ರೀತಿ?" ಅಂದಾಗ, "ಹುಳದ ಮಾತ್ರೆ ಲೆಕ್ಕಕ್ಕೆ ಬೇಕಿತ್ತು" ಅಂತ ಸುಳ್ಳು ಹೇಳಿದಳು.

ಹೆಡ್‌ಮಾಸ್ಟರಿಗೆ ವಿಷಯ ಹೇಳಲು ಹೋದಾಗ ಅವರು ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದರು.

"ಒಂದು ಪದಕ್ಕೆ ಇಷ್ಟು ತಲೆ ಕೆಡಿಸ್ಕೋತೀರಲ್ಲ ಸಿಸ್ಟರ್," ಅಂದರು. "ಈಗೇನು, ಕೊಟ್ಟ ಹಗ್ಗ ವಾಪಸ್ ಕಳಿಸೋಣ್ವಾ? ಸ್ವಾಮಿ, ನಮ್ಮ ಮಕ್ಕಳಿಗೆ ಜಿಗಿದ್ರೆ ಹೋಗೋ ಬೇಜಾರಲ್ಲ, ಬೇರೆ ಬೇಜಾರು, ನೀವು ತಪ್ಪು ಬೇಜಾರಿಗೆ ಔಷಧಿ ಕಳ್ಸಿದೀರಾ ಅಂತ ಬರೆಯೋಣ್ವಾ?"

"ಸಾರ್, ಈ ವರ್ಷ ಕೂಟದ ಹತ್ರ ಒಬ್ಬರೇ ಒಬ್ಬರು ಆಪ್ತ ಸಲಹೆಗಾರರಿದಾರೆ. ಮಕ್ಕಳ ಜೊತೆ ಕೂತು ಮಾತಾಡೋಕೆ ಓದ್ಕೊಂಡಿರೋರು. ಒಂದು ವರ್ಷ ಪೂರ್ತಿ ಒಂದು ಶಾಲೆಗೆ. ಯಾವ ಶಾಲೆಗೆ ಅಂತ ಶುಕ್ರವಾರ ತೀರ್ಮಾನ. ಹದಿನಾಲ್ಕನೇ ಪ್ರಶ್ನೆ ನೋಡಿ ತೀರ್ಮಾನ."

ಹೆಡ್‌ಮಾಸ್ಟರು ಮೊಬೈಲು ಕೆಳಗಿಟ್ಟರು. "ಸಲಹೆಗಾರರು ಅಂದ್ರೆ, ಹೊರದೇಶದ ಕೂಟದಿಂದ? ನಮ್ಮ ಶಾಲೇಲೇ ಇರ್ತಾರಾ?" ಅವರ ಕಣ್ಣಲ್ಲಿ ಆಗಲೇ ಗುಂಪು ಫೋಟೋ ಒಂದು ಮೂಡುತ್ತಿತ್ತು. "ಇದನ್ನ ಮೊದಲೇ ಹೇಳ್ಬಾರ್ದಾ? ಶುಕ್ರವಾರ ನಾನೂ ಬಂದು ಕೂರ್ತೀನಿ."

ಸಿಸ್ಟರಿನ ಮನೆ ಶಾಲೆಯಿಂದ ಎರಡು ಬಸ್ ನಿಲ್ದಾಣ ಆಚೆ, ಮೂರನೇ ಮಹಡಿ, ಎರಡು ಕೋಣೆ. ಹತ್ತೊಂಬತ್ತು ವರ್ಷ ಆ ಎರಡು ಕೋಣೆಯಲ್ಲಿ ಅವಳೂ ಅವಳ ತಂಗಿಯೂ ಇದ್ದರು. ತಂಗಿ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೆಲಸದವಳು. ಇಡೀ ದಿನ ಜನರ ಬೈಗುಳ ಕೇಳಿ ಮನೆಗೆ ಬಂದು ಒಂದೊಂದನ್ನೂ ಅದೇ ದನಿಯಲ್ಲಿ ಅಭಿನಯಿಸುತ್ತಿದ್ದಳು. ಅಕ್ಕತಂಗಿ ಇಬ್ಬರೂ ನಕ್ಕು ನಕ್ಕು ಒಲೆಯ ಮೇಲಿನ ಹಾಲು ಉಕ್ಕಿದ್ದು ಎಷ್ಟು ಸಲವೋ. ಐದು ತಿಂಗಳ ಹಿಂದೆ, ನಲವತ್ತನಾಲ್ಕನೇ ವಯಸ್ಸಿನಲ್ಲಿ, ಆ ತಂಗಿ ಬಸ್ ಡಿಪೋದ ಒಬ್ಬ ಟೈಮ್‌ಕೀಪರನ್ನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಗಿ, ನಾಲ್ಕು ಗಂಟೆ ದೂರದ ಊರಿಗೆ ಹೋದಳು. ಒಳ್ಳೆಯ ಮನುಷ್ಯ. ಸಾಕ್ಷಿ ಸಹಿ ಹಾಕಿದವಳು ಸಿಸ್ಟರೇ.

ಈಗ ಬಟ್ಟೆ ಬೀರುವಿನ ಬಾಗಿಲು ತೆಗೆದರೆ ತಂಗಿಯ ಕಡೆಯ ಖಾಲಿ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸಿಸ್ಟರ್ ಅವನ್ನು ತೆಗೆದಿಡಬೇಕು ಅಂದುಕೊಳ್ಳುತ್ತಿದ್ದಳು, ತೆಗೆದಿಡುತ್ತಿರಲಿಲ್ಲ. ಟೀಗೆ ನೀರು ಇಡುವಾಗ ಕೈ ತಾನಾಗಿ ಎರಡು ಲೋಟ ಅಳೆಯುತ್ತಿತ್ತು. ಹೆಚ್ಚಾದ ಲೋಟವನ್ನು ಮೊದಮೊದಲು ಚೆಲ್ಲುತ್ತಿದ್ದಳು. ಆಮೇಲೆ ಆರಿದ ಮೇಲೆ ಅದನ್ನೂ ತಾನೇ ಕುಡಿಯಲು ಶುರುಮಾಡಿದಳು.

ಸಂಜೆ ಏಳೂವರೆಗೆ ತಂಗಿಯ ಫೋನು.

"ಊಟ ಆಯ್ತಾ ಅಕ್ಕಾ?"

"ಆಯ್ತು ಕಣೆ." ಆಗಿರಲಿಲ್ಲ.

"ಇವತ್ತು ನಮ್ಮನೆಯವರು ಏನ್ ಮಾಡಿದ್ರು ಗೊತ್ತಾ? ಡಿಪೋ ಥರ ಅಡುಗೆಮನೆ ಗೋಡೆ ಮೇಲೆ ಟೈಮ್‌ಟೇಬಲ್ ಅಂಟಿಸಿದಾರೆ. ಏಳು ಹದಿನೈದಕ್ಕೆ ಟೀ ಹೊರಡತ್ತಂತೆ!" ತಂಗಿ ನಕ್ಕಳು. ಆ ಕಡೆ ಒಂದು ಗಂಡುದನಿ ಏನೋ ಅಂದಿತು, ತಂಗಿ ಮತ್ತೆ ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಬೇಜಾರಾಗ್ತಿದೆಯಾ ಅಕ್ಕಾ?"

"ನಂಗೇನ್ ಬೇಜಾರು? ಕೈತುಂಬ ಕೆಲ್ಸ. ನಿದ್ದೆ ಮಾಡೋಕೂ ಪುರುಸೊತ್ತಿಲ್ಲ."

ಫೋನಿಟ್ಟ ಮೇಲೆ ಅವಳು ಆ ಪದವನ್ನು ಕೋಣೆಯಲ್ಲಿ ಒಮ್ಮೆ ಜೋರಾಗಿ ಹೇಳಿ ನೋಡಿದಳು. ಬೇಜಾರು. ಆ ನಾಲ್ಕು ಸಾಲು ಬರೆದವರು ಯಾರೇ ಆಗಲಿ, ಹಾಳೆಯ ಮೇಲಾದರೂ ನಿಜ ಹೇಳಿದ್ದರು. ತಾನು ಅದನ್ನೂ ಮಾಡಿರಲಿಲ್ಲ.

ಬುಧವಾರ ಮಧ್ಯಾಹ್ನ ಒಂದು ಕೆಟ್ಟ ಯೋಚನೆ ಬಂತು. ಆರೋಗ್ಯ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಪ್ರತಿ ಮಗುವಿನ ಆರೋಗ್ಯ ಕಾರ್ಡು ಇತ್ತು. ಹಿಂಬದಿಯಲ್ಲಿ ವಿಳಾಸ, ಮಕ್ಕಳೇ ತಮ್ಮ ಕೈಯಾರೆ ಬರೆದದ್ದು. ವರದಿಯ ಬರಹದಲ್ಲಿ "ಬ"ದ ಹೊಟ್ಟೆ ಕೊಂಚ ಒಡೆದುಕೊಂಡಂತೆ, "ಜಾ"ದ ಬಾಲ ಪಕ್ಕದ ಅಕ್ಷರಕ್ಕೆ ತಾಗುವಷ್ಟು ಉದ್ದ. ಹೋಲಿಸಿ ನೋಡಲು ಅರ್ಧ ಗಂಟೆ ಸಾಕು. ಅವಳು ಒಂಬತ್ತನೇ ತರಗತಿಯ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ರಬ್ಬರ್ ಬ್ಯಾಂಡಿನ ಮೇಲೆ ಬೆರಳಿಟ್ಟಳು. ನಾನೂ ಹುಡುಕಲ್ಲ ಅಂದ ದಿನ ಆ ತರಗತಿಯ ಹಿಂದಿನ ಬೆಂಚಿನಿಂದ ಯಾರೋ "ಪ್ರಾಮಿಸ್ಸಾ ಸಿಸ್ಟರ್?" ಅಂದಿದ್ದರು. ಅವಳು "ಪ್ರಾಮಿಸ್" ಅಂದಿದ್ದಳು. ಹುಡುಕಿ ಹಿಡಿದರೆ, ಆ ಮಗು ಇನ್ನು ಬದುಕಿನಲ್ಲಿ ಯಾವ ಹಾಳೆಯ ಮೇಲೂ ನಿಜ ಬರೆಯುವುದಿಲ್ಲ. ಕಟ್ಟು ಮತ್ತೆ ಕಪಾಟು ಸೇರಿತು. ಬೀಗ ಹಾಕಿ, ಬೀಗದಕೈಯನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು ಬಂದಳು. ತನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ ಇರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಗುರುವಾರ ಬಂದಳು. ಅದು ಆ ಹುಡುಗಿಗೆ ಸಿಸ್ಟರ್ ಇಟ್ಟ ಹೆಸರು. ಒಂಬತ್ತನೆಯ ತರಗತಿಯ ಪುಟ್ಟ ಜೀವ, ಪ್ರತಿ ಗುರುವಾರ ಅದೇ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಸಿಸ್ಟರ್ ಅವಳನ್ನು ಮಂಚದ ಮೇಲೆ ಮಲಗಿಸಿ, ಬಿಸಿನೀರಿನ ಚೀಲ ಕೊಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತಳು. ಇವಳೇ ಇರಬಹುದೇ? ಹುಡುಕುವುದಿಲ್ಲ ಅಂದದ್ದು ಕಾರ್ಡಿನಲ್ಲಿ. ಬಾಯಲ್ಲಿ ಕೇಳುವುದು ಬೇರೆ ಅಂತ ಮನಸ್ಸು ಸಬೂಬು ಹೇಳಿತು.

"ತುಂಬ ಬೇಜಾರಾ ಮರಿ?" ಅಂದಳು, ಆದಷ್ಟು ಹಗುರವಾಗಿ.

"ಹೂಂ ಸಿಸ್ಟರ್. ತುಂಬಾನೇ."

ಸಿಸ್ಟರ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಏನ್ ಬೇಜಾರು?"

"ಲೆಕ್ಕದ ಪೀರಿಯಡ್ಡು. ಗುರುವಾರ ಎರಡೆರಡು ಸಿಸ್ಟರ್, ಒಟ್ಟೊಟ್ಟಿಗೆ! ಎಷ್ಟ್ ಬೇಜಾರು ಅಂದ್ರೆ, ಗಡಿಯಾರ ನಿಂತೋಗಿದ್ಯೇನೋ ಅನ್ಸತ್ತೆ." ಆಮೇಲೆ ಕಣ್ಣು ಮಿಟುಕಿಸಿ, "ನಾನು ಆ ಸಮೀಕ್ಷೇಲೂ ದಿನಾ ಅಂತಾನೇ ಟಿಕ್ ಮಾಡಿದೀನಿ. ಲೆಕ್ಕ ದಿನಾ ಇರತ್ತಲ್ಲ!"

ಸಿಸ್ಟರಿಗೆ ನಗು ಬಂತು. ಅಲ್ಲಿಗೆ ಅನುವಾದ ಮಾಡಿದವರದು ಪೂರ್ತಿ ತಪ್ಪಲ್ಲ. ದಿನಾ ಬೆಳಿಗ್ಗೆ ಅವಳು ತೂಕದ ಯಂತ್ರದ ಮುಳ್ಳನ್ನು ಸೊನ್ನೆಗೆ ತಂದು, ಐದು ಕಿಲೋದ ಕಬ್ಬಿಣದ ಬಟ್ಟು ಇಟ್ಟು ಪರೀಕ್ಷಿಸಿಯೇ ಮಕ್ಕಳನ್ನು ಹತ್ತಿಸುತ್ತಿದ್ದಳು. ಅಷ್ಟು ಶಿಸ್ತಿನವಳು, ಪದವನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಬೇಜಾರಿನಲ್ಲಿ ಲೆಕ್ಕದ ಪೀರಿಯಡ್ಡೂ ಇತ್ತು, ಇರೋದಕ್ಕೇ ಬೇಜಾರೂ ಇತ್ತು. ಎರಡನ್ನೂ ಒಂದೇ ತಟ್ಟೆಗೆ ಹಾಕಿ ತೂಗಿದವಳು ತಾನು. ಅರವತ್ತೆಂಟರಲ್ಲಿ ಎಷ್ಟು ಯಾವುದು ಅಂತ ಈಗ ದೇವರಿಗೂ ಗೊತ್ತಿರಲಿಕ್ಕಿಲ್ಲ.

ಶುಕ್ರವಾರ ನಾಲ್ಕೂವರೆಗೆ ಕಂಪ್ಯೂಟರ್ ಕೋಣೆಯಲ್ಲಿ ಸಭೆ. ಹೆಡ್‌ಮಾಸ್ಟರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು, ತೆರೆಯಲ್ಲಿ ತಮ್ಮ ಮುಖ ಎಲ್ಲಿ ಬರುತ್ತದೆ ಅಂತ ನೋಡಿಕೊಂಡು ಕೂತರು. ತೆರೆಯ ಮೇಲೆ ಮೂರು ಚೌಕಗಳು. ಒಂದರಲ್ಲಿ ಕೂಟದ ಅಧ್ಯಕ್ಷರು. ಒಂದರಲ್ಲಿ ಚಳಿದೇಶದ ಶಾಲೆಯ ನರ್ಸು, ನರೆತ ಕೂದಲಿನ ಹೆಂಗಸು, ಯಾವಾಗಲೂ ಒಂದು ದಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಿದ್ದಳು. ಮೂರನೆಯದರಲ್ಲಿ ದುಭಾಷಿ ಹುಡುಗಿ. ಅಲ್ಲಿನವರ ಮಾತನ್ನು ಇಲ್ಲಿಗೆ, ಇಲ್ಲಿನ ಮಾತನ್ನು ಅಲ್ಲಿಗೆ ದಾಟಿಸುವುದು ಅವಳ ಕೆಲಸ. ಇಪ್ಪತ್ತೈದರ ಆಸುಪಾಸಿನವಳು, ಆದರೆ ಇಲ್ಲಿನ ಭಾಷೆ ಮಾತಾಡುವಾಗ ಅವಳ ದನಿ ಮಗುವಿನದರಂತೆ ಚಿಕ್ಕದಾಗಿಬಿಡುತ್ತಿತ್ತು. ಅಧ್ಯಕ್ಷರನ್ನು "ಆ ದೊಡ್ಡೋರು" ಅನ್ನುತ್ತಿದ್ದಳು.

"ಸಿಸ್ಟರ್, ಆ ದೊಡ್ಡೋರು ಕೇಳ್ತಿದಾರೆ, ಹಗ್ಗ ಇಷ್ಟ ಆಯ್ತಾ ಅಂತ."

"ಇಷ್ಟ ಆಯ್ತು, ತುಂಬಾ ವಂದನೆ ಅಂತ ಹೇಳಮ್ಮ. ಆದ್ರೆ ಒಂದು ತಪ್ಪಾಗಿದೆ. ತಪ್ಪು ನಂದು."

ಅವಳು ಬರೆದುಕೊಂಡು ಬಂದದ್ದನ್ನು ಓದಿದಳು. ಪದ ತಾನು ಹಾಕಿಸಿದ್ದು. ನಮ್ಮಲ್ಲಿ ಹೊತ್ತು ಹೋಗದಿದ್ದರೂ ಬೇಜಾರು, ಬಸ್ಸು ಬರದಿದ್ದರೂ ಬೇಜಾರು, ಯಾರಾದರೂ ಬೈದರೂ ಬೇಜಾರು, ಯಾರಾದರೂ ತೀರಿಹೋದರೂ ಬೇಜಾರು ಅಂತಲೇ ಹೇಳುತ್ತೇವೆ. ವರದಿಯಲ್ಲಿ ಇರುವುದು ಅದರಲ್ಲಿ ಮೊದಲನೆಯದು ಮಾತ್ರ.

ಅಧ್ಯಕ್ಷರು ಕನ್ನಡಕ ತೆಗೆದು ಏನೋ ಕೇಳಿದರು. ದುಭಾಷಿ ಹುಡುಗಿ ಹೇಳಿದಳು, "ಹಾಗಾದ್ರೆ ಅರವತ್ತೆಂಟರಲ್ಲಿ ನಿಜವಾಗ್ಲೂ ನೊಂದಿರೋ ಮಕ್ಕಳು ಎಷ್ಟು ಅಂತ ಕೇಳ್ತಿದಾರೆ. ಅದರ ಮೇಲೆ ಸಲಹೆಗಾರರನ್ನ ಕಳಿಸ್ತಾರಂತೆ."

"ಎಲ್ಲಾ ಅನ್ನಿ!" ಹೆಡ್‌ಮಾಸ್ಟರು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು. "ಎಲ್ಲಾ ಅನ್ನಿ ಸಿಸ್ಟರ್, ಯಾರು ಬಂದು ಎಣಿಸ್ತಾರೆ?"

ಒಂದು ಕ್ಷಣ ಅದು ಅವಳ ನಾಲಿಗೆಯ ತುದಿಗೆ ಬಂತು. ಎಲ್ಲಾ ಅಂದರೆ ಮುಂದಿನ ತಿಂಗಳು ಈ ಶಾಲೆಗೆ ಒಬ್ಬರು ಬರುತ್ತಾರೆ, ಆ ಮಗುವಿಗೆ ಮಾತಾಡಲು ಒಂದು ಕುರ್ಚಿ ಸಿಗುತ್ತದೆ. ಆದರೆ ಗುರುವಾರದ ಹೊಟ್ಟೆನೋವು ಅವಳ ಕಣ್ಣ ಮುಂದೆ ಬಂತು. ಜೊತೆಗೆ, ಬೇರೆ ಯಾವುದೋ ಶಾಲೆಯಲ್ಲಿ, ತನಗೆ ಗೊತ್ತಿಲ್ಲದ ಭಾಷೆಯಲ್ಲಿ, ಇಂಥದೇ ನಾಲ್ಕು ಸಾಲು ಬರೆದಿಟ್ಟು ಕಾಯುತ್ತಿರುವ ಮಗುವೂ ಬಂತು.

"ಗೊತ್ತಿಲ್ಲ," ಅಂದಳು. "ನನ್ನ ಅಳತೆಯೇ ಸರಿ ಇಲ್ಲ. ಕೆಲವರಿಗೆ ಪಾಠ ಬೇಜಾರು ಅಷ್ಟೇ. ಈ ಸಂಖ್ಯೆಯನ್ನ ದಯವಿಟ್ಟು ಲೆಕ್ಕಕ್ಕೆ ತಗೋಬೇಡಿ. ಆದ್ರೆ ಮುಖಪುಟದ ಮೇಲೆ ಹಾಕಿದೀರಲ್ಲ, ಆ ಒಂದು ಮಗು ಮಾತ್ರ ಹೊತ್ತು ಹೋಗ್ತಿಲ್ಲ ಅಂತ ಬರ್ದಿಲ್ಲ."

ಹೆಡ್‌ಮಾಸ್ಟರು ಹಣೆಗೆ ಕೈ ಹಚ್ಚಿದರು, ತೆರೆಯಲ್ಲಿ ಕಾಣುತ್ತದೆ ಅನ್ನುವುದನ್ನೂ ಮರೆತು.

"ಅದು ಯಾವ ಬೇಜಾರು ಅಂತ ಕೇಳ್ತಿದಾರೆ ಸಿಸ್ಟರ್," ಅಂದಳು ದುಭಾಷಿ. ಅವಳ ದನಿ ಇನ್ನೂ ಚಿಕ್ಕದಾಗಿತ್ತು. "ನಾನು ಏನಂತ ಹೇಳ್ಲಿ?"

ಸಿಸ್ಟರ್ ಬರೆದುಕೊಂಡು ಬಂದ ಹಾಳೆಯನ್ನು ಮಡಚಿದಳು.

"ನನ್ನ ತಂಗಿ ಮದುವೆಯಾಗಿ ಹೋದ್ಲು," ಅಂದಳು. "ಖುಷಿಯ ವಿಷಯ. ನಾನೇ ಸಹಿ ಹಾಕ್ದೆ. ಈಗ ಸಂಜೆ ಮನೆಗೆ ಹೋಗೋದು ತಡ ಆಗ್ಲಿ ಅಂತ ಒಂದು ನಿಲ್ದಾಣ ಮುಂಚೆ ಇಳಿದು ನಡೀತೀನಿ. ಶಾಲೇಲಿ ಇನ್ನೂರು ಮಕ್ಕಳ ನಡುವೆ ಇರ್ತೀನಿ, ಆದ್ರೂ ಯಾರಾದ್ರೂ ಹೇಗಿದೀರಾ ಅಂದ್ರೆ ಚೆನ್ನಾಗಿದೀನಿ ಅಂತೀನಿ. ದಿನಾ ಎರಡು ಲೋಟ ಟೀ ಮಾಡಿ ಎರಡನ್ನೂ ನಾನೇ ಕುಡೀತೀನಿ. ಹೊತ್ತು ಹೋಗತ್ತೆ ಕಣಮ್ಮ. ಹೋಗೋದು ಹೋಗತ್ತೆ. ಇದು ಆ ಬೇಜಾರು."

ಹೆಡ್‌ಮಾಸ್ಟರು ಅವಳ ಕಡೆ ತಿರುಗಿದರು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೋಡುತ್ತಿರುವವರ ಹಾಗೆ. ದುಭಾಷಿ ಹುಡುಗಿ ಅನುವಾದ ಮಾಡಲಿಲ್ಲ. ಚೌಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಸಿಸ್ಟರ್," ಅಂದಳು ಆಮೇಲೆ, "ಆ ವರದಿ ಅನುವಾದ ಮಾಡಿದ್ದು ನಾನೇ. ನಂಗೆ ಒಂಬತ್ತು ವರ್ಷ ಇದ್ದಾಗ ನಮ್ಮಪ್ಪ ಅಮ್ಮ ನನ್ನ ಕರ್ಕೊಂಡು ಈ ದೇಶಕ್ಕೆ ಬಂದ್ಬಿಟ್ರು. ನಂಗೆ ಗೊತ್ತಿದ್ದ ಬೇಜಾರು ಆಟಕ್ಕೆ ಯಾರೂ ಇಲ್ದಿದ್ರೆ ಆಗತ್ತಲ್ಲ, ಅದೊಂದೇ. ದೊಡ್ಡೋರ ಬೇಜಾರು ನಂಗ್ಯಾರೂ ಹೇಳ್ಕೊಡ್ಲಿಲ್ಲ." ಕಣ್ಣು ಒರೆಸಿಕೊಂಡು, ಅವಳು ಆ ಕಡೆಯವರಿಗೆ ಹೇಳತೊಡಗಿದಳು. ತುಂಬ ಹೊತ್ತು ಹೇಳಿದಳು. ಸಿಸ್ಟರ್ ಹೇಳಿದ್ದಕ್ಕಿಂತ ಉದ್ದವಾಗಿತ್ತು ಅದು.

ತೀರ್ಮಾನ ಆಯಿತು. ಸಂಖ್ಯೆ ಇಲ್ಲದ ಶಾಲೆಗೆ ಕೂಟದ ನಿಯಮದಲ್ಲಿ ಜಾಗವಿರಲಿಲ್ಲ. ಸಲಹೆಗಾರರು ಮೂರನೇ ದೇಶದ ಶಾಲೆಗೆ ಹೋಗುತ್ತಾರೆ. ವರದಿಯ ಮುಖಪುಟ ಬದಲಾಗುತ್ತದೆ. ಅಧ್ಯಕ್ಷರು ಎರಡು ಸಲ ಕ್ಷಮೆ ಕೇಳಿ ಹೊರಟುಹೋದರು. ಹೆಡ್‌ಮಾಸ್ಟರು ಎದ್ದು ಕೋಟಿನ ಗುಂಡಿ ಬಿಚ್ಚುತ್ತ, "ನಿಮಗೆ ಸತ್ಯ ಹೇಳೋ ಚಟ ಸಿಸ್ಟರ್," ಅಂದರು, ಆದರೆ ಬೈದ ದನಿಯಲ್ಲಿರಲಿಲ್ಲ. ಬಾಗಿಲಲ್ಲಿ ನಿಂತು, "ಟೀ ಕುಡೀತೀರಾ?" ಅಂದರು. "ಆಮೇಲೆ ಬರ್ತೀನಿ ಸಾರ್," ಅಂದಳು ಸಿಸ್ಟರ್.

ಚಳಿದೇಶದ ನರ್ಸು ಇನ್ನೂ ತನ್ನ ಚೌಕದಲ್ಲೇ ಇದ್ದಳು. ಆಕೆಯ ಹಿಂದಿನ ಕಿಟಕಿಯಲ್ಲಿ ಹಗಲು ಮಂಕಾಗಿತ್ತು. ಬಟ್ಟಲು ಕೆಳಗಿಟ್ಟು, ನಿಧಾನವಾಗಿ ಮಾತಾಡಿದಳು. ದುಭಾಷಿ ಹುಡುಗಿ ಒಂದೊಂದೇ ವಾಕ್ಯ ದಾಟಿಸಿದಳು.

"ತನ್ನ ಶಾಲೇಲೂ ಒಮ್ಮೆ ಹೀಗೇ ಹೆಸರಿಲ್ಲದ ಚೀಟಿ ಬಂದಿತ್ತಂತೆ. ಒಬ್ಬರನ್ನೇ ಹುಡುಕ್ಲಿಲ್ಲವಂತೆ. ತೂಕ ನೋಡ್ತೀನಿ ಅಂತ ಇಡೀ ತರಗತೀನ ಒಬ್ಬೊಬ್ಬರಾಗಿ ಕರೆದ್ರಂತೆ. ಎಲ್ಲರಿಗೂ ಹತ್ತು ನಿಮಿಷ, ಎಲ್ಲರಿಗೂ ಒಂದೇ ಪ್ರಶ್ನೆ, ಬಾಯಲ್ಲೇ. ಬಾಗಿಲು ಮುಚ್ಚಿ. ಆಮೇಲೆ ಸುಮ್ನೆ ಇರ್ಬೇಕಂತೆ ಸಿಸ್ಟರ್, ಅದೇ ಕಷ್ಟ ಅಂತೆ. ನೀವು ಮಾಡೋದಾದ್ರೆ ದಿನಾ ಸಂಜೆ ತಾನು ಇಲ್ಲಿ ಕೂತಿರ್ತೀನಿ, ಏನಾಯ್ತು ಅಂತ ಹೇಳಿ ಅಂತಾರೆ. ದೊಡ್ಡ ಡಾಕ್ಟ್ರು ಬೇಕಾದ್ರೆ ಯಾವಾಗ, ಹೇಗೆ ಅಂತಾನೂ ಹೇಳ್ಕೊಡ್ತಾರಂತೆ. ಮಾತು ದಾಟಿಸೋಕೆ ನಾನೂ ಇರ್ತೀನಿ."

ಸೋಮವಾರದಿಂದ ತೂಕ ಶುರುವಾಯಿತು. ದಿನಕ್ಕೆ ಆರು ಮಕ್ಕಳು, ಹಾಜರಿ ಪುಸ್ತಕದ ಕ್ರಮದಲ್ಲಿ. ಮಗು ಯಂತ್ರದ ಮೇಲೆ ನಿಲ್ಲುವುದು, ಸಿಸ್ಟರ್ ಮುಳ್ಳು ನೋಡಿ ಬರೆದುಕೊಳ್ಳುವುದು, ಆಮೇಲೆ ಪೆನ್ನು ಮುಚ್ಚಿಟ್ಟು ಕೇಳುವುದು: "ಬೇಜಾರಾಗತ್ತಾ? ಯಾವ ಥರದ್ದು?" ಆಮೇಲೆ ಸುಮ್ಮನಿರುವುದು. ಮಕ್ಕಳಿಗೆ ಬೇಜಾರಿನಲ್ಲಿ ಇಷ್ಟೊಂದು ಜಾತಿ ಗೊತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಒಬ್ಬನಿಗೆ ಇಳಿಹೊತ್ತಿನ ಬೇಜಾರು. ಒಬ್ಬಳಿಗೆ ಅಪ್ಪ ಅಮ್ಮ ಜಗಳವಾಡದೆ ಸುಮ್ಮನಿದ್ದರೆ ಬೇಜಾರು, ಆಡಿದರೆ ಪರವಾಗಿಲ್ಲ. ಹೊಟ್ಟೆನೋವಿನ ಹುಡುಗಿ ಗುರುವಾರ ಬಂದು ನಿಂತು, "ಸಿಸ್ಟರ್, ನಂದು ನಿಮಗೆ ಗೊತ್ತೇ ಇದೆ, ಬೇರೆಯೋರ್‌ನ ಕರೀರಿ" ಅಂದು, ಬಾಗಿಲವರೆಗೆ ಹೋಗಿ ತಿರುಗಿ, "ಆದ್ರೆ ಲೆಕ್ಕದ ಬುಕ್ಕು ತೆಗೆದ್ರೆ ಕೈ ನಡುಗತ್ತೆ, ಅದು ಬೇಜಾರಲ್ಲ ಅಲ್ವಾ?" ಅಂದಳು. ಸಂಜೆ ಅದನ್ನೆಲ್ಲ ಯಾರ ಹೆಸರನ್ನೂ ಹೇಳದೆ ಸಿಸ್ಟರ್ ತೆರೆಯ ಮುಂದೆ ಹೇಳುತ್ತಿದ್ದಳು. ಆ ಕಡೆ ಬಟ್ಟಲು ಹಿಡಿದ ಎರಡು ಕೈಗಳು ಕೇಳುತ್ತಿದ್ದವು.

ಐದನೆಯ ದಿನ, ಇಪ್ಪತ್ತೊಂಬತ್ತನೇ ನಂಬರು ಜಿಂಕೆಯದು. ಹಗ್ಗವನ್ನು ಕೊರಳಿಗೆ ಹಾಕಿಕೊಂಡೇ ಬಂದಳು. ಸಿಸ್ಟರಿಗೆ ಇವಳ ಬಗ್ಗೆ ಅನುಮಾನವೇನೂ ಇರಲಿಲ್ಲ. ಶಾಲೆಯ ನಗುವೆಲ್ಲ ಇವಳ ಪಾಲಿಗೇ ಬಂದಿದೆ ಅಂತ ಅವಳೂ ಅಂದುಕೊಂಡಿದ್ದಳು.

"ಹಗ್ಗ ತೆಗೆದಿಡು, ಅದರ ತೂಕಾನೂ ಸೇರತ್ತೆ."

"ಸೇರ್ಲಿ ಬಿಡಿ ಸಿಸ್ಟರ್. ಸ್ವಲ್ಪ ದಪ್ಪ ಆಗಿ ಕಾಣ್ತೀನಿ." ನಗುತ್ತಲೇ ಹಗ್ಗ ತೆಗೆದಿಟ್ಟು ಯಂತ್ರ ಹತ್ತಿದಳು. ಮುಳ್ಳು ಹೋದ ಸಲಕ್ಕಿಂತ ನಾಲ್ಕು ಕಿಲೋ ಹಿಂದೆ ನಿಂತಿತು. ಸಿಸ್ಟರ್ ಬಗ್ಗಿ ಮತ್ತೆ ನೋಡಿದಳು. ಸೊನ್ನೆ ಬೆಳಿಗ್ಗೆ ತಾನೇ ಸರಿಮಾಡಿದ್ದಳು.

ಅವಳು ಬರೆದುಕೊಂಡು ಪೆನ್ನು ಮುಚ್ಚಿಟ್ಟಳು. "ಬೇಜಾರಾಗತ್ತಾ? ಯಾವ ಥರದ್ದು?"

ಜಿಂಕೆ ಇಳಿಯಲಿಲ್ಲ. ಯಂತ್ರದ ಮೇಲೆ ನಿಂತೇ ಮುಳ್ಳನ್ನು ನೋಡುತ್ತಿದ್ದಳು. ಹೊರಗೆ ಯಾರೋ ಹಗ್ಗದ ಜಿಗಿತ ಎಣಿಸುತ್ತಿದ್ದರು, ಹದಿನೇಳು, ಹದಿನೆಂಟು. ಹತ್ತೊಂಬತ್ತಕ್ಕೆ ತಪ್ಪಿತು. ಸಿಸ್ಟರ್ ಸುಮ್ಮನಿದ್ದಳು. ಅದೇ ಕಷ್ಟ ಅಂತ ಆಕೆ ಹೇಳಿದ್ದು ನಿಜವಾಗಿತ್ತು.

"ಎಲ್ಲರಿಗೂ ಇದೇ ಕೇಳ್ತಿದೀರಂತೆ," ಅಂದಳು ಹುಡುಗಿ ಕೊನೆಗೆ. ಮುಖದಿಂದ ನಗು ಯಾವಾಗ ಇಳಿದಿತ್ತೋ ಗೊತ್ತಾಗಲಿಲ್ಲ. "ಮೊದ್ಲು ನೀವ್ ಹೇಳಿ ಸಿಸ್ಟರ್. ನಿಮಗೆ ಯಾವ್ ಬೇಜಾರು?"

"ನಂಗೇನ್ ಬೇಜಾರು" ಅನ್ನುವ ಮಾತು ತಾನಾಗಿ ಗಂಟಲಿಗೆ ಬಂತು. ಐದು ತಿಂಗಳಿಂದ ದಿನಾ ಏಳೂವರೆಗೆ ಬರುವ ಮಾತು. ಸಿಸ್ಟರ್ ಅದನ್ನು ನುಂಗಿಕೊಂಡಳು.

"ಮನೆಗೆ ಹೋಗಕ್ಕೆ ಬೇಜಾರು," ಅಂದಳು.

ಹುಡುಗಿ ಸರಕ್ಕನೆ ತಲೆಯೆತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಿಸ್ಟರ್ ಮುಂದೇನೂ ಕೇಳಲಿಲ್ಲ. ಮಾತು ಕೊಟ್ಟಿದ್ದಳು. ಎದ್ದುಹೋಗಿ ಬಾಗಿಲಿನ ಚಿಲಕ ಹಾಕಿ, ಮೂಲೆಯಲ್ಲಿದ್ದ ಎರಡನೇ ಸ್ಟೂಲನ್ನು ತಂದು ತನ್ನ ಸ್ಟೂಲಿನ ಪಕ್ಕದಲ್ಲಿಟ್ಟಳು. ಟೀಗೆ ನೀರು ಇಟ್ಟಳು, ಎರಡು ಲೋಟ.

ಜಿಂಕೆ ಯಂತ್ರದಿಂದ ಇಳಿದಳು. ಮುಳ್ಳು ನಡುಗುತ್ತ ಸೊನ್ನೆಗೆ ಬಂದು ನಿಂತಿತು.

"ನಿಮಗೆ ಪುರುಸೊತ್ತಿದ್ಯಾ ಸಿಸ್ಟರ್?" ಅಂದಳು, ಕೂರದೆ.

"ಇದೆ," ಅಂದಳು ಸಿಸ್ಟರ್. "ಕೂತ್ಕೋ."